ಸೈಕಲ್ ಫ್ರೇಮಿಗೆ ಪಾರದರ್ಶಕ ಫಿಲ್ಮ್: ಪೂರ್ತಿ ಸುತ್ತಬೇಕಾ, ಬೇಕಾದ ಕಡೆ ಮಾತ್ರ ಸಾಕಾ?

ಬೆಳಗಿನ ಸವಾರ

ಎಲ್ಲರಿಗೂ ನಮಸ್ಕಾರ. ಹೊಸ ಸೈಕಲ್ ತಗೊಂಡಿದ್ದೇನೆ. ಕಾರ್ಬನ್ ಫ್ರೇಮ್, ಕಡುನೀಲಿ ಬಣ್ಣ, ಫಳಫಳ ಹೊಳೆಯುವ ಪೇಂಟ್. ಡಾಂಬರು ರಸ್ತೆ, ಮಣ್ಣು ದಾರಿ ಎರಡರಲ್ಲೂ ಓಡಿಸುತ್ತೇನೆ. ಕಲ್ಲು ಸಿಡಿದು ಪೇಂಟ್ ಹಾಳಾಗುವ ಮೊದಲೇ ಫಿಲ್ಮ್ ಅಂಟಿಸಿಬಿಡೋಣ ಅಂತ ಯೋಚನೆ. ಕಾರಿಗೆ ಹಾಕುವ ಪಿಪಿಎಫ್, ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಇದೆಯಲ್ಲ, ಅದೇ. ಮನೆಯಲ್ಲೇ ಮಾಡಬೇಕು ಅಂತಿದ್ದೇನೆ.

ಗೊತ್ತಿರುವವರು ಹೇಳಿ. ಇಡೀ ಫ್ರೇಮ್ ಸುತ್ತಬೇಕಾ? ಯಾವ ಬಗೆಯ ಫಿಲ್ಮ್ ಒಳ್ಳೆಯದು? ಸೋಪು ನೀರು ಹಾಕಿ ಅಂಟಿಸಿ ಅಂತ ಕೆಲವರು, ಒಣದಾಗೇ ಅಂಟಿಸಿ ಅಂತ ಕೆಲವರು. ಯಾವುದನ್ನು ನಂಬಲಿ? ಮುಂದೆ ತೆಗೆಯಬೇಕಾಗಿ ಬಂದರೆ ಪೇಂಟೂ ಕಿತ್ತುಕೊಂಡು ಬರುತ್ತದಾ?

ಹಳೇ ಪೆಡಲ್

ಹೊಸ ಸೈಕಲ್ಲಿಗೆ ಶುಭಾಶಯ ಗುರು. ಇಡೀ ಫ್ರೇಮ್ ಬೇಡ. ಮೊದಲ ಸಲ ಮಾಡುವವರು ಅದಕ್ಕೆ ಕೈ ಹಾಕಿದರೆ ಅರ್ಧಕ್ಕೇ ಸಾಕಾಗಿ ಹೋಗುತ್ತದೆ. ಪೇಂಟ್ ಎಲ್ಲಾ ಕಡೆ ಒಂದೇ ಥರ ಹಾಳಾಗುವುದೂ ಇಲ್ಲ. ಎಲ್ಲಿ ಪೆಟ್ಟು ಬೀಳುತ್ತದೋ, ಎಲ್ಲಿ ಉಜ್ಜುತ್ತದೋ ಅಲ್ಲಿ ಮಾತ್ರ ಹಾಕಿ.

ಮೊದಲನೆಯದು ಡೌನ್ ಟ್ಯೂಬಿನ, ಅಂದರೆ ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಓರೆಯಾಗಿ ಇಳಿಯುವ ಕೊಳವೆಯ ಕೆಳಮುಖ. ಮುಂದಿನ ಚಕ್ರ ಎತ್ತಿ ಎಸೆಯುವ ಕಲ್ಲು ನೇರ ಬಂದು ಬಡಿಯುವುದು ಅಲ್ಲಿಗೇ. ಅದರಲ್ಲೂ ಬಾಟಮ್ ಬ್ರ್ಯಾಕೆಟ್ (ಪೆಡಲಿನ ಅಚ್ಚು ಕೂರುವ ಜಾಗ) ಕಡೆಯ ಅರ್ಧಕ್ಕೆ ಜಾಸ್ತಿ. ಒಂದೇ ಒಂದು ತುಂಡು ಹಾಕುವಷ್ಟು ತಾಳ್ಮೆ ಇದ್ದರೆ ಇಲ್ಲಿಗೇ ಹಾಕಿ.

ಎರಡನೆಯದು ಹೆಡ್ ಟ್ಯೂಬಿನ, ಅಂದರೆ ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆಯ ಎರಡೂ ಪಕ್ಕ. ಕೇಬಲ್ ಹೊರಗೆ ಓಡುವ ಸೈಕಲ್ಲಾದರೆ ಹ್ಯಾಂಡಲ್ ತಿರುಗಿದಾಗಲೆಲ್ಲ ಅದು ಒಂದೇ ಜಾಗವನ್ನು ಉಜ್ಜುತ್ತದೆ. ಮಧ್ಯೆ ಧೂಳು ಸೇರಿಕೊಂಡರೆ ಉಪ್ಪು ಕಾಗದದಲ್ಲಿ ತಿಕ್ಕಿದ ಹಾಗೆ. ಕಾರ್ಬನ್ನಲ್ಲಿ ಇದು ಬರೀ ಅಂದದ ಮಾತಲ್ಲ. ಪೇಂಟ್ ದಾಟಿ ನಾರಿನ ಪದರಕ್ಕೇ ಹೋಗಬಹುದು. ಬ್ರೇಕ್ ಹೋಸ್ ಫೋರ್ಕಿಗೆ (ಮುಂದಿನ ಚಕ್ರ ಹಿಡಿಯುವ ಕವಲಿಗೆ) ತಾಗುವ ಕಡೆಯೂ ನೋಡಿಕೊಳ್ಳಿ.

ಆಮೇಲೆ ಚೈನ್ ಸ್ಟೇ, ಅಂದರೆ ಪೆಡಲ್ ಕಡೆಯಿಂದ ಹಿಂದಿನ ಚಕ್ರದ ನಡುವಿಗೆ ಹೋಗುವ ಎರಡು ಕೊಳವೆ. ಬಲಕ್ಕೆ ಚೈನ್ ಬಡಿತ, ಎಡಕ್ಕೆ ಹಿಮ್ಮಡಿ ಉಜ್ಜುವುದು, ಒಳಮುಖಕ್ಕೆ ಟೈರ್ ಹೊತ್ತು ತರುವ ಕೆಸರು. ಬ್ಯಾಗ್ ಕಟ್ಟುವವರಿಗೆ ಟಾಪ್ ಟ್ಯೂಬ್ (ಹ್ಯಾಂಡಲ್ ಕಡೆಯಿಂದ ಸೀಟಿನ ಕಡೆಗೆ ಹೋಗುವ ಮೇಲಿನ ಕೊಳವೆ) ಕೂಡ. ಬೇರೆಲ್ಲ ಶೋಕಿ.

ಚೈನ್ ಎಣ್ಣೆ

ಸೈಕಲ್ ಇರುವುದು ಓಡಿಸುವುದಕ್ಕೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡುವುದಕ್ಕಲ್ಲ. ಗೀರು ಬಿದ್ದರೆ ಬೀಳಲಿ ಬಿಡಿ. ಹಗುರ ಅಂತ ಕಾರ್ಬನ್ ತಗೊಂಡು ಅದರ ಮೇಲೆ ತೂಕ ಅಂಟಿಸುವುದು ಯಾವ ನ್ಯಾಯ?

ಮೂರನೇ ಗೇರ್

ಚೈನ್ ಎಣ್ಣೆ ಸರ್, ತೂಕದ ಲೆಕ್ಕ ಹಾಕಿಯೇ ಬಿಡೋಣ. ಪಾಲಿಯುರೆಥೇನಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.2 ಗ್ರಾಂ. ಫಿಲ್ಮ್ 200 ಮೈಕ್ರಾನ್, ಅಂದರೆ 0.2 ಮಿ.ಮೀ. ದಪ್ಪ ಅಂತ ಇಟ್ಟುಕೊಳ್ಳಿ. ಒಂದು ಚದರ ಮೀಟರಿಗೆ 240 ಗ್ರಾಂ ಆಗುತ್ತದೆ. ಡೌನ್ ಟ್ಯೂಬಿಗೆ 60 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ತುಂಡು ಸಾಕು. ಅದರ ತೂಕ 15 ಗ್ರಾಂ ಆಸುಪಾಸು. ಬಾಟಲಿಯಲ್ಲಿ ಒಂದು ಗುಟುಕು ನೀರು ಕಮ್ಮಿ ತುಂಬಿಸಿದರೆ ಸರಿಹೋಯಿತು.

ಇನ್ನು ಯಾವ ಫಿಲ್ಮ್ ಅನ್ನುವ ಪ್ರಶ್ನೆ. ನಾನು ಕಾರಿಗೆ ಫಿಲ್ಮ್ ಹಾಕುವ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪಾರದರ್ಶಕ ಅಂತ ಸಿಗುವುದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಪಿವಿಸಿ, ಅಂದರೆ ವಿನೈಲ್. ಇನ್ನೊಂದು ಟಿಪಿಯು, ಅಂದರೆ ಥರ್ಮೋಪ್ಲಾಸ್ಟಿಕ್ ಪಾಲಿಯುರೆಥೇನ್. ವಿನೈಲ್ ಅಗ್ಗ. ಸ್ಟಿಕ್ಕರಿಗೆ ಚೆನ್ನ. ಆದರೆ ಅದನ್ನು ಮೆತ್ತಗಿಡುವ ಪ್ಲಾಸ್ಟಿಸೈಜರ್ ಕಾಲ ಹೋದಂತೆ ಹೊರಗೆ ಹೋಗುತ್ತದೆ. ಆಗ ಅದು ಗಡುಸಾಗಿ, ಕುಗ್ಗಿ, ಅಂಚಿನಿಂದ ಏಳುತ್ತದೆ. ಕಲ್ಲಿನ ಪೆಟ್ಟು ತಡೆಯುವ ಶಕ್ತಿಯೂ ಕಮ್ಮಿ. ಟಿಪಿಯು ರಬ್ಬರಿನ ಹಾಗೆ ಒಳಕ್ಕೆ ಕುಸಿದು ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಕಲ್ಲಿನ ಪೆಟ್ಟಿನ ಬಲವನ್ನು ಅದು ನುಂಗಿಕೊಳ್ಳುತ್ತದೆ.

ಟಿಪಿಯುನಲ್ಲೂ ಎರಡು ಬಗೆ. ಆರೋಮ್ಯಾಟಿಕ್ ಬಗೆಯದು ಬಿಸಿಲಿಗೆ ಹಳದಿ ತಿರುಗುತ್ತದೆ. ಅಲಿಫ್ಯಾಟಿಕ್ ಬಗೆಯದು ನೇರಳಾತೀತ ಕಿರಣ ಚೆನ್ನಾಗಿ ತಡೆದುಕೊಳ್ಳುತ್ತದೆ. ಪೊಟ್ಟಣದ ಮೇಲೆ ಅಲಿಫ್ಯಾಟಿಕ್ ಅಂತ ಬರೆದಿದೆಯಾ ನೋಡಿ. ಬಿಳಿ ಅಥವಾ ತಿಳಿ ಬಣ್ಣದ ಫ್ರೇಮಾದರೆ ಇದು ಬಹಳ ಮುಖ್ಯ. ಕಡುನೀಲಿಯಲ್ಲಿ ಹಳದಿ ಅಷ್ಟು ಎದ್ದು ಕಾಣುವುದಿಲ್ಲ, ಆದರೂ ಒಳ್ಳೆಯದನ್ನೇ ತಗೊಳ್ಳಿ. ದಪ್ಪ 150 ರಿಂದ 200 ಮೈಕ್ರಾನ್ ಇದ್ದರೆ ಸರಿ. ಪ್ಯಾಕಿಂಗ್ ಟೇಪು ಸುಮಾರು 50 ಮೈಕ್ರಾನ್ ಇರುತ್ತದೆ, ಅಂದಾಜಿಗೆ ಹೇಳಿದೆ. ದಯವಿಟ್ಟು ಆ ಟೇಪನ್ನೇ ಫ್ರೇಮಿಗೆ ಹಾಕಬೇಡಿ. ಅದರ ಅಂಟು ಬಿಸಿಲಿಗೆ ಗಟ್ಟಿಯಾಗಿ ಕೂತುಬಿಟ್ಟರೆ ತೆಗೆಯುವಾಗ ಅಳು ಬರುತ್ತದೆ.

ಒಂದು ಹಳೇ ಕಥೆ ಹೇಳಿ ಮುಗಿಸುತ್ತೇನೆ. ಈ ಫಿಲ್ಮ್ ಹುಟ್ಟಿದ್ದು ಕಾರಿಗೋಸ್ಕರ ಅಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಹೆಲಿಕಾಪ್ಟರುಗಳ ರೆಕ್ಕೆಗಳನ್ನು ಮರಳು, ಕಲ್ಲಿನ ಚೂರುಗಳಿಂದ ಕಾಪಾಡುವುದಕ್ಕೆ 3ಎಂ ಕಂಪನಿ ಇದನ್ನು ತಯಾರಿಸಿತು. ಈಗಲೂ ಹಳೇ ಸೈಕಲ್ ಮಂದಿ ಇದನ್ನು ಹೆಲಿಕಾಪ್ಟರ್ ಟೇಪ್ ಅಂತಲೇ ಕರೆಯುತ್ತಾರೆ. ರೇಸ್ ಕಾರುಗಳಿಗೆ ಬಂದದ್ದು ಆಮೇಲೆ.

ಚೈನ್ ಎಣ್ಣೆ

15 ಗ್ರಾಂ ಅಂದಮೇಲೆ ಬಾಯಿ ಮುಚ್ಚಿಕೊಂಡೆ. ಆದರೂ ಒಂದು ಮಾತು. ಫಿಲ್ಮ್ ಇದೆ ಅಂತ ಯಾರೂ ಧೈರ್ಯ ಮಾಡಬೇಡಿ. ಸೈಕಲ್ ಬಿದ್ದು ಹ್ಯಾಂಡಲ್ ಬಂದು ಟಾಪ್ ಟ್ಯೂಬಿಗೆ ಬಡಿದರೆ ಫಿಲ್ಮಿಗೆ ಏನೂ ಆಗಿರುವುದಿಲ್ಲ, ಒಳಗೆ ಕಾರ್ಬನ್ ಬಿರುಕು ಬಿಟ್ಟಿರುತ್ತದೆ. ಅಲ್ಯುಮಿನಿಯಂ ಆದರೆ ಗುಳಿ ಬೀಳುತ್ತದೆ. ಇದು ಪೇಂಟ್ ಕಾಯುತ್ತದೆ, ಟ್ಯೂಬ್ ಕಾಯುವುದಿಲ್ಲ.

ಏರುದಾರಿ

ಮೂರನೇ ಗೇರ್ ಅವರೇ, ನನ್ನದು ಮ್ಯಾಟ್ ಕಪ್ಪು ಫ್ರೇಮ್. ಬ್ಯಾಗ್ ಪಟ್ಟಿ ಉಜ್ಜಿ ಟಾಪ್ ಟ್ಯೂಬಿನಲ್ಲಿ ಈಗಲೇ ಎರಡು ಕಡೆ ಹೊಳಪು ಬಂದಿದೆ. ಹೊಳೆಯುವ ಫಿಲ್ಮ್ ಹಾಕಿದರೆ ಅಲ್ಲಿ ಮಾತ್ರ ಮಿರಿಮಿರಿ ಮಿಂಚುವುದಿಲ್ಲವಾ?

ಮೂರನೇ ಗೇರ್

ಮಿಂಚುತ್ತದೆ ಮೇಡಂ. ಮ್ಯಾಟ್ ಫಿಲ್ಮ್ ಅಂತಲೇ ಬೇರೆ ಸಿಗುತ್ತದೆ, ಅದನ್ನೇ ಹಾಕಿ. ಆದರೆ ನಿಮ್ಮ ಪೇಂಟಿನ ಮ್ಯಾಟಿಗೂ ಫಿಲ್ಮಿನ ಮ್ಯಾಟಿಗೂ ತುಸು ವ್ಯತ್ಯಾಸ ಇದ್ದೇ ಇರುತ್ತದೆ. ಸಣ್ಣ ತುಂಡು ಕತ್ತರಿಸಿ, ಅಂಟಿಸದೆ ಒದ್ದೆ ಮಾಡಿ ಸುಮ್ನೆ ಟ್ಯೂಬಿನ ಮೇಲಿಟ್ಟು ನೋಡಿ. ಹಗಲು ಬೆಳಕಲ್ಲಿ ನೋಡಬೇಕು, ಟ್ಯೂಬ್‌ಲೈಟಿನ ಕೆಳಗಲ್ಲ. ಈಗಾಗಲೇ ಬಂದಿರುವ ಹೊಳಪು ಪೂರ್ತಿ ಮರೆಯಾಗುವುದಿಲ್ಲ, ಕಮ್ಮಿ ಕಾಣುತ್ತದೆ ಅಷ್ಟೆ.

ಇನ್ನೊಂದು ಮಾತು. ಮ್ಯಾಟ್ ಪೇಂಟಿಗೆ ಕ್ಲೇ ಬಾರ್ (ಪೇಂಟಿನ ಕೊಳೆ ತೆಗೆಯಲು ಉಜ್ಜುವ ಜೇಡಿಯಂಥ ಮುದ್ದೆ) ಮುಟ್ಟಿಸಲೇಬೇಡಿ. ಉಜ್ಜಿದ ಕಡೆ ಹೊಳಪು ಬರುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆ ಸಾಕು.

ಬೆಳಗಿನ ಸವಾರ

ಇಷ್ಟು ಬೇಗ ಇಷ್ಟು ಮಾಹಿತಿ! ಸರಿ, ಇಡೀ ಫ್ರೇಮ್ ಕೈಬಿಟ್ಟೆ. ಡೌನ್ ಟ್ಯೂಬ್, ಹೆಡ್ ಟ್ಯೂಬ್, ಚೈನ್ ಸ್ಟೇ ಮಾತ್ರ. ಅಳತೆ ಹೇಗೆ ತಗೊಳ್ಳುವುದು? ನನ್ನ ಡೌನ್ ಟ್ಯೂಬ್ ದುಂಡಗಿಲ್ಲ. ಮೇಲೆ ಅಗಲ, ಕೆಳಗೆ ಇನ್ನೂ ಅಗಲ, ಮಧ್ಯೆ ಮೂಲೆಗಳು. ಬಾಟಲಿ ಸ್ಟ್ಯಾಂಡಿನ ಬೋಲ್ಟು ಬೇರೆ, ಕೇಬಲ್ ಒಳಹೋಗುವ ತೂತು ಬೇರೆ.

ಹಳೇ ಪೆಡಲ್

ದುಂಡು ಟ್ಯೂಬಾದರೆ ವ್ಯಾಸವನ್ನು 3.14 ರಿಂದ ಗುಣಿಸಿ, ಮುಗಿಯಿತು. 31.8 ಮಿ.ಮೀ. ಟ್ಯೂಬಿಗೆ ಸುತ್ತಳತೆ 100 ಮಿ.ಮೀ., 34.9 ಕ್ಕೆ ಸುಮಾರು 110. ನಿಮ್ಮದಕ್ಕೆ ಆ ಲೆಕ್ಕ ನಡೆಯುವುದಿಲ್ಲ. ಮಾಸ್ಕಿಂಗ್ ಟೇಪ್ ತಗೊಳ್ಳಿ. ಪೇಂಟ್ ಹೊಡೆಯುವಾಗ ಅಂಚಿಗೆ ಹಾಕುವ ಕಾಗದದ ಟೇಪು.

ಫಿಲ್ಮ್ ಬೇಕಾದ ಜಾಗವನ್ನೆಲ್ಲ ಅದರಿಂದ ಮುಚ್ಚಿ. ಒಂದರ ಅಂಚು ಇನ್ನೊಂದರ ಮೇಲೆ ಸ್ವಲ್ಪ ಕೂರುವ ಹಾಗೆ ಅಂಟಿಸಿ, ಎಲ್ಲಾ ಸೇರಿ ಒಂದೇ ಹಾಳೆ ಆಗಬೇಕು. ಪೆನ್ಸಿಲಿನಲ್ಲಿ ನಡುಗೆರೆ ಎಳೆಯಿರಿ. ಫಿಲ್ಮ್ ಎಲ್ಲಿ ಮುಗಿಯಬೇಕೋ ಅಲ್ಲಿಯೂ ಗೆರೆ. ಬೋಲ್ಟು, ತೂತು ಎಲ್ಲಾ ಗುರುತು ಮಾಡಿ. ಆಮೇಲೆ ಇಡೀ ಹಾಳೆಯನ್ನು ನಿಧಾನಕ್ಕೆ ಬಿಡಿಸಿ ದಪ್ಪ ಕಾಗದದ ಮೇಲೆ ಚಪ್ಪಟೆಯಾಗಿ ಅಂಟಿಸಿ, ಗೆರೆಯ ಮೇಲೆ ಕತ್ತರಿಸಿ. ಇದೇ ನಿಮ್ಮ ಅಚ್ಚು. ಚಪ್ಪಟೆ ಮಾಡುವಾಗ ಟೇಪು ಎಲ್ಲಿ ಸುಕ್ಕಾಗುತ್ತದೋ ಗಮನಿಸಿ. ಅಲ್ಲಿ ಫಿಲ್ಮೂ ಸುಲಭಕ್ಕೆ ಕೂರುವುದಿಲ್ಲ ಅಂತ ಅರ್ಥ. ಒಂದೇ ದಿಕ್ಕಿಗೆ ಬಾಗಿದ ಟ್ಯೂಬ್ ಹೇಳಿದ ಮಾತು ಕೇಳುತ್ತದೆ. ಎರಡು ದಿಕ್ಕಿಗೂ ಬಾಗಿದ ಕಡೆ, ಉದಾಹರಣೆಗೆ ಡೌನ್ ಟ್ಯೂಬ್ ಹೋಗಿ ಹೆಡ್ ಟ್ಯೂಬಿಗೆ ಸೇರುವ ಕಡೆ, ಎಳೆದು ಕೂರಿಸಬೇಕು. ಬೇಡ ಅನ್ನಿಸಿದರೆ ಆ ಬಾಗು ಶುರುವಾಗುವ ಮೊದಲೇ ಫಿಲ್ಮ್ ನಿಲ್ಲಿಸಿ. ಯಾರೂ ಬೈಯುವುದಿಲ್ಲ.

ಎಲ್ಲರೂ ಎಡವುವ ಜಾಗ ಒಂದಿದೆ. ಅಚ್ಚನ್ನು ಫಿಲ್ಮಿನ ಹಿಂಬದಿ ಕಾಗದದ ಮೇಲಿಟ್ಟು ಗೆರೆ ಎಳೆದರೆ ಎಡ ಬಲ ಅದಲು ಬದಲಾಗುತ್ತದೆ. ಅಚ್ಚನ್ನೂ ಮಗುಚಿ ಇಡಬೇಕು. ಹೆಡ್ ಟ್ಯೂಬಿನ ಪಕ್ಕದ ತುಂಡಿಗೆ ಇದನ್ನು ನೆನಪಿಡದಿದ್ದರೆ ಎರಡೂ ಎಡಗಡೆಗೇ ಆಗುವ ತುಂಡು ಕೈಗೆ ಬರುತ್ತದೆ.

ಮೂಲೆಗಳನ್ನೆಲ್ಲ ದುಂಡಗೆ ಕತ್ತರಿಸಿ. ನಾಣ್ಯ ಇಟ್ಟು ಗೆರೆ ಎಳೆದರೆ ಸಾಕು. ಚೂಪು ಮೂಲೆ ಇದ್ದರೆ ಬಟ್ಟೆ ತಾಗಿ ತಾಗಿ ಅಲ್ಲಿಂದಲೇ ಏಳುವುದಕ್ಕೆ ಶುರು.

ಬ್ಲೇಡನ್ನು ಫ್ರೇಮಿನ ಮೇಲೆ ಎಳೆಯಲೇಬೇಡಿ. ಎಲ್ಲಾ ಕತ್ತರಿಸುವ ಕೆಲಸ ಮೇಜಿನ ಮೇಲೇ ಮುಗಿಯಲಿ. ಕೈ ಎಷ್ಟೇ ಹಗುರ ಇದ್ದರೂ ಬ್ಲೇಡಿನ ಗೆರೆ ಪೇಂಟಿನಲ್ಲಿ ಉಳಿಯುತ್ತದೆ, ಕಾರ್ಬನ್ನಿಗೆ ಇಳಿದರೆ ಇನ್ನೂ ಕೆಟ್ಟದ್ದು.

ಪಂಕ್ಚರ್ ಪುರಾಣ

ಸುತ್ತಿದ ಫಿಲ್ಮಿನ ಎರಡು ಅಂಚು ಕೂಡುವ ಗೆರೆ ಎಲ್ಲಿ ಬರಬೇಕು ಅಣ್ಣ? ಟ್ಯೂಬಿನ ಕೆಳಗೆ ಬರುವ ಹಾಗೆ ಮಾಡಿದರೆ ಕಾಣುವುದಿಲ್ಲ ಅಲ್ವಾ?

ಹಳೇ ಪೆಡಲ್

ಟಾಪ್ ಟ್ಯೂಬಿಗೆ ಹೌದು, ಕೆಳಗೆ. ಡೌನ್ ಟ್ಯೂಬಿಗೆ ಉಲ್ಟಾ. ಅದರ ಕೆಳಮುಖಕ್ಕೇ ಕಲ್ಲು, ಕೆಸರು, ನೀರು ಎಲ್ಲಾ ಬಡಿಯುವುದು. ಅಲ್ಲಿ ಗೆರೆ ಬಂದರೆ ಕೆಸರು ಒಳಗೆ ನುಗ್ಗಿ ಕಪ್ಪು ಅಂಚು ಕಟ್ಟುತ್ತದೆ. ಹಾಗಾಗಿ ಗೆರೆ ಮೇಲುಗಡೆ, ಬಾಟಲಿ ಸ್ಟ್ಯಾಂಡಿನ ಸಾಲಿನಲ್ಲಿ ಬರಲಿ. ಪೂರ್ತಿ ಸುತ್ತುವ ಅಗತ್ಯವೂ ಇಲ್ಲ. ಕೆಳಮುಖ, ಎರಡು ಪಕ್ಕ ಮುಚ್ಚಿದರೆ ಬೋಲ್ಟಿನ ತಂಟೆಯೇ ಇರುವುದಿಲ್ಲ.

ಸುತ್ತಲೇಬೇಕು ಅಂದರೆ ಎರಡು ಅಂಚಿನ ಮಧ್ಯೆ ಒಂದೆರಡು ಮಿ.ಮೀ. ಬಿಡಿ. ಫಿಲ್ಮಿನ ಮೇಲೆ ಫಿಲ್ಮ್ ಕೂರಿಸಿದರೆ ಆ ಮೆಟ್ಟಿಲಿನಲ್ಲಿ ಕೊಳೆ ಕೂರುತ್ತದೆ.

ಬಾಟಮ್ ಬ್ರ್ಯಾಕೆಟ್ ಕೆಳಗೆ ನೀರು ಸೋರಿ ಹೋಗಲು ಸಣ್ಣ ತೂತು ಇರುತ್ತದೆ. ಅದನ್ನು ಮುಚ್ಚಬೇಡಿ.

ಮೂರನೇ ಗೇರ್

ಈಗ ನೀರಾ, ಒಣದಾ ಅನ್ನುವ ಜಗಳ. ಎರಡೂ ಸರಿ, ಜಾಗದ ಮೇಲೆ ಹೋಗುತ್ತದೆ. ಕೇಬಲ್ ಉಜ್ಜುವ ಕಡೆ ಹಾಕುವ ಬೆರಳಗಲದ ತುಂಡಿಗೆ ನೀರು ಬೇಡ. ಒಂದು ತುದಿ ಅಂಟಿಸಿ, ಹೆಬ್ಬೆರಳಲ್ಲಿ ಒತ್ತುತ್ತಾ ಹೋದರೆ ಆಯಿತು. ಅಂಗೈಗಿಂತ ದೊಡ್ಡದಾದರೆ ಸೋಪು ನೀರೇ ಬೇಕು. ಈ ಅಂಟು ಒತ್ತಡಕ್ಕೆ ಹಿಡಿಯುವ ಜಾತಿ. ಒಣದಾಗಿ ತಾಗಿದ ಕಡೆ ಹಿಡಿದುಕೊಂಡುಬಿಡುತ್ತದೆ, ಸರಿಸಲು ಆಗುವುದಿಲ್ಲ. ಸೋಪು ನೀರು ಮಧ್ಯೆ ಇದ್ದರೆ ಫಿಲ್ಮ್ ತೇಲುತ್ತದೆ, ಬೇಕಾದ ಕಡೆ ಜಾರಿಸಬಹುದು.

ಎರಡು ಸ್ಪ್ರೇ ಬಾಟಲಿ ಇಟ್ಟುಕೊಳ್ಳಿ. ಒಂದರಲ್ಲಿ ಅರ್ಧ ಲೀಟರ್ ನೀರಿಗೆ ನಾಲ್ಕೈದು ಹನಿ ಬೇಬಿ ಶಾಂಪೂ. ಇದು ಜಾರಿಸುವುದಕ್ಕೆ. ಇನ್ನೊಂದರಲ್ಲಿ ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್, ನಾಲ್ಕು ಪಾಲು ನೀರು. ಇದು ಹಿಡಿಸುವುದಕ್ಕೆ. ಆಲ್ಕೋಹಾಲ್ ಸೋಪನ್ನು ತೊಳೆದು ಬೇಗ ಆರುತ್ತದೆ, ಅಂಟು ಹಿಡಿಯುತ್ತದೆ. ಗಡುಸು ನೀರು ಬೇಡ. ಒಣಗಿದ ಮೇಲೆ ಸುಣ್ಣದ ಬಿಳಿ ಚುಕ್ಕಿ ಒಳಗೇ ಉಳಿಯುತ್ತದೆ. ಶುದ್ಧೀಕರಿಸಿದ ನೀರು ಸಾಕು.

ಪಂಕ್ಚರ್ ಪುರಾಣ

ನಾಲ್ಕೈದು ಹನಿ ತೀರಾ ಕಮ್ಮಿ. ನಾನು ಚೆನ್ನಾಗಿ ನೊರೆ ಬರುವಷ್ಟು ಹಾಕುತ್ತೇನೆ. ಬೆಣ್ಣೆಯಂತೆ ಜಾರುತ್ತದೆ, ಕೂರಿಸುವುದು ಸುಲಭ.

ಮೂರನೇ ಗೇರ್

ಜಾರುತ್ತದೆ ನಿಜ. ಆದರೆ ಆ ಸೋಪು ಎಲ್ಲಿಗೆ ಹೋಗಬೇಕು? ಅಂಚಿನಲ್ಲಿ ಉಳಿಯುತ್ತದೆ. ಅಂಚು ಹಿಡಿಯುವುದಿಲ್ಲ, ಒಂದು ಮೂಲೆ ಎದ್ದೇ ಇರುತ್ತದೆ. ಸೈಕಲ್ಲಿನಲ್ಲಿ ತುಂಡು ಚಿಕ್ಕದು, ಅಂಚು ಜಾಸ್ತಿ. ಕಾರಿನ ಬಾನೆಟ್ಟಿನಲ್ಲಿ ತಡೆದುಕೊಳ್ಳುವ ತಪ್ಪನ್ನು ಇದು ತಡೆದುಕೊಳ್ಳುವುದಿಲ್ಲ. ನೀವು ಹಾಕಿದ ಫಿಲ್ಮಿನ ಅಂಚು ಹೇಗಿದೆ ಹೇಳಿ ನೋಡೋಣ?

ಪಂಕ್ಚರ್ ಪುರಾಣ

ಒಂದು ಮೂಲೆ ಎದ್ದಿದೆ. ನೀವು ನೋಡಿಕೊಂಡು ಹೇಳಿದ ಹಾಗಿದೆ.

ಹಳೇ ಪೆಡಲ್

😀

ಕೆಲಸದ ಕ್ರಮ ಬರೆಯುತ್ತೇನೆ. ಮೊದಲು ಸೈಕಲ್ ಚೆನ್ನಾಗಿ ತೊಳೆದು ಒಣಗಿಸಿ. ಹೊಸದಾದರೂ ತೊಳೆಯಬೇಕು. ಅಂಗಡಿಯಲ್ಲಿ ಹೊಳಪಿಗೆ ಅಂತ ಏನಾದರೂ ಒರೆಸಿರುತ್ತಾರೆ. ಮೇಣ, ಸಿಲಿಕೋನ್ ಪಾಲಿಶ್, ಸೆರಾಮಿಕ್ ಲೇಪ ಇದ್ದರೆ ಫಿಲ್ಮ್ ಹಿಡಿಯುವುದಿಲ್ಲ. ಐಸೊಪ್ರೊಪೈಲ್ ಹಾಕಿ ಒರೆಸಿ, ಬಟ್ಟೆ ಬದಲಿಸಿ ಮತ್ತೆ ಒರೆಸಿ. ಬಟ್ಟೆಯಲ್ಲಿ ಕೊಳೆ ಬರುವುದು ನಿಲ್ಲುವವರೆಗೂ. ಆಮೇಲೆ ಟ್ಯೂಬನ್ನು ಬರಿಗೈಯಲ್ಲಿ ಮುಟ್ಟಬೇಡಿ. ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ಮುಖ್ಯ ಭಾಗ ಇದೇ, ಅಂಟಿಸುವುದು ಆಮೇಲಿನ ಮಾತು.

ಪೇಂಟ್ ಎದ್ದ ಕಡೆ ಮೊದಲು ಟಚ್ ಅಪ್ ಮಾಡಿ ಪೂರ್ತಿ ಒಣಗಲು ಬಿಡಿ. ಸ್ಟೀಲ್ ಫ್ರೇಮಿನವರು ಇದನ್ನು ಬಿಡಲೇಬೇಡಿ. ತುಕ್ಕಿನ ಮೇಲೆ ಫಿಲ್ಮ್ ಹಾಕಿದರೆ ತುಕ್ಕು ಒಳಗೊಳಗೇ ಹರಡುತ್ತದೆ. ಕಾರ್ಬನ್ನಿನವರು ಬಿರುಕು ಇದೆಯಾ ಅಂತ ಬೆಳಕು ಹಿಡಿದು ನೋಡಿ.

ಜಾಗ ಧೂಳಿಲ್ಲದ್ದಿರಲಿ. ಫ್ಯಾನ್ ಬಂದ್. ಬಿಸಿಲಿನಲ್ಲಿ ಬೇಡ. 18 ರಿಂದ 25 ಡಿಗ್ರಿ ಇದ್ದರೆ ಫಿಲ್ಮ್ ಹದವಾಗಿರುತ್ತದೆ. ಚಳಿ ಜಾಸ್ತಿಯಾದರೆ ಬಿರುಸಾಗುತ್ತದೆ, ಸೆಖೆ ಜಾಸ್ತಿಯಾದರೆ ಅಂಟು ಹಿಡಿದು ಕೂರುತ್ತದೆ.

ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ. ಡೌನ್ ಟ್ಯೂಬಿನ ಕೆಳಮುಖ ಈಗ ಮೇಲೆ ಬಂತು. ಟ್ಯೂಬಿಗೆ ಸೋಪು ನೀರು ಧಾರಾಳವಾಗಿ ಹೊಡೆಯಿರಿ. ಕೈಗೂ ಹೊಡೆದುಕೊಳ್ಳಿ, ಇಲ್ಲದಿದ್ದರೆ ಬೆರಳಿನ ಗುರುತು ಅಂಟಿನಲ್ಲಿ ಖಾಯಂ ಆಗುತ್ತದೆ. ಹಿಂಬದಿ ಕಾಗದ ಬಿಡಿಸುತ್ತಾ ಅಂಟಿನ ಮುಖಕ್ಕೂ ನೀರು ಹೊಡೆಯಿರಿ. ಇನ್ನೊಬ್ಬರು ಇದ್ದರೆ ಒಳ್ಳೆಯದು, ಫಿಲ್ಮ್ ಮಡಿಸಿಕೊಂಡು ತನಗೆ ತಾನೇ ಅಂಟಿಕೊಂಡರೆ ಬಿಡಿಸುವುದು ಸಾಹಸ. ನಡುಗೆರೆ ನೋಡಿಕೊಂಡು ಟ್ಯೂಬಿನ ಮೇಲೆ ಇಳಿಸಿ. ತೇಲುತ್ತಿರುತ್ತದೆ. ನಿಧಾನಕ್ಕೆ ಜಾರಿಸಿ ಸರಿಮಾಡಿ.

ಈಗ ಫಿಲ್ಮಿನ ಮೇಲ್ಮುಖಕ್ಕೂ ನೀರು ಹೊಡೆದು ಸ್ಕ್ವೀಜಿ (ನೀರು ಒತ್ತಿ ಹೊರಹಾಕುವ ಪಟ್ಟಿ) ಹಿಡಿಯಿರಿ. ಮೆತ್ತನೆಯ ರಬ್ಬರಿನದು ಒಳ್ಳೆಯದು. ನಡುವಿನಲ್ಲಿ ಉದ್ದಕ್ಕೆ ಒಂದು ಸಲ ಎಳೆದು ಅಲ್ಲಿ ಹಿಡಿಸಿ. ಆಮೇಲೆ ನಡುವಿನಿಂದ ಅಂಚಿಗೆ, ಒಂದು ಎಳೆತದ ಮೇಲೆ ಇನ್ನೊಂದು ಅರ್ಧ ಹತ್ತಿಕೊಳ್ಳುವ ಹಾಗೆ. ನೀರು ಅಂಚಿನಿಂದ ಗೆರೆಯಾಗಿ ಹೊರಬರುವುದು ಕಾಣುತ್ತದೆ. ಅದು ನಿಂತರೆ ಆ ಜಾಗ ಮುಗಿಯಿತು. ಅಂಚಿನ ಕೊನೆಯ ಕಿರುಬೆರಳಗಲ ಹಿಡಿಯದೆ ಜಾರುತ್ತಿದ್ದರೆ ಅಷ್ಟನ್ನು ಮಾತ್ರ ಎತ್ತಿ, ಆಲ್ಕೋಹಾಲ್ ನೀರು ಹೊಡೆದು, ಒಂದೆರಡು ನಿಮಿಷ ಬಿಟ್ಟು ಒತ್ತಿ. ಬಟ್ಟೆ ಸುತ್ತಿದ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದರೆ ಕೂರುತ್ತದೆ.

ಏರುದಾರಿ

ಬಿಸಿ ಗಾಳಿ ಯಾವಾಗ? ಹೀಟ್ ಗನ್ ಇದೆ ಮನೆಯಲ್ಲಿ.

ಮೂರನೇ ಗೇರ್

ಹೀಟ್ ಗನ್ ಎತ್ತಿಡಿ ಮೇಡಂ. ಅದು ಸಲೀಸಾಗಿ 300 ಡಿಗ್ರಿ ದಾಟುತ್ತದೆ. ಕಾರ್ಬನ್ ಫ್ರೇಮಿನ ನಾರನ್ನು ಹಿಡಿದಿಡುವ ರೆಸಿನ್ನಿಗೂ ಕೇಡು, ಪೇಂಟಿಗೂ ಕೇಡು. ಹೇರ್ ಡ್ರೈಯರ್ ಸಾಕು. ಟ್ಯೂಬ್ ಮೇಲೆ ಕೈ ಇಟ್ಟುಕೊಳ್ಳಲು ಆಗುವಷ್ಟು ಬಿಸಿ, ಅದಕ್ಕಿಂತ ಜಾಸ್ತಿ ಬೇಡ. ಬಾಗಿನ ಕಡೆ ಬಿಸಿ ಮಾಡಿ ಮೆಲ್ಲಗೆ ಎಳೆದರೆ ಫಿಲ್ಮ್ ಬಗ್ಗುತ್ತದೆ. ಕೂರಿಸಿದ ಮೇಲೆ ಅಂಚಿಗೆ ಇನ್ನೊಮ್ಮೆ ಬಿಸಿ ಕೊಟ್ಟು, ತಣ್ಣಗಾಗುವವರೆಗೆ ಒತ್ತಿ ಹಿಡಿಯಿರಿ. ಎಳೆದ ಫಿಲ್ಮಿಗೆ ಹಳೇ ಆಕಾರಕ್ಕೆ ಹೋಗುವ ಹಟ ಇರುತ್ತದೆ, ಈ ಬಿಸಿ ಅದನ್ನು ಕಮ್ಮಿ ಮಾಡುತ್ತದೆ. ತುಂಬಾ ಎಳೆದರೆ ಗೆರೆ ಗೆರೆ ಕಾಣುತ್ತದೆ, ಅಂಟೂ ತೆಳುವಾಗುತ್ತದೆ.

ಬೆಳಗಿನ ಸವಾರ

ಅಂಟಿಸಿ ಮುಗಿಸಿದೆ! ಡೌನ್ ಟ್ಯೂಬ್ ಚೆನ್ನಾಗಿ ಬಂದಿದೆ. ದೂರದಿಂದ ಫಿಲ್ಮ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಎರಡು ಅನುಮಾನ. ಒಂದು, ಕೆಲವು ಕಡೆ ಹಾಲು ಬಣ್ಣದ ಮಬ್ಬು ಇದೆ, ಸಣ್ಣ ಸಣ್ಣ ಗುಳ್ಳೆಯೂ ಇದೆ. ಕಿತ್ತು ಮತ್ತೆ ಹಾಕಬೇಕಾ? ಎರಡು, ಹೆಡ್ ಟ್ಯೂಬಿನ ಅಂಚಿನಲ್ಲಿ ಬೆರಳಿನ ಹಾಗೆ ಎರಡು ಸುಕ್ಕು ನಿಂತಿವೆ. ಒತ್ತಿದರೆ ಕೂರುತ್ತವೆ, ಕೈ ಬಿಟ್ಟರೆ ಏಳುತ್ತವೆ.

ಮೂರನೇ ಗೇರ್

ಕೀಳಬೇಡಿ! ಮಬ್ಬು ಅಂದರೆ ಒಳಗೆ ಉಳಿದ ನೀರು. ಟಿಪಿಯು ಮೂಲಕ ನೀರಿನ ಆವಿ ನಿಧಾನಕ್ಕೆ ಹೊರಗೆ ಹೋಗುತ್ತದೆ. ಕೆಲವು ದಿನ ಬೇಕು, ತಂಪು ಹವೆಯಲ್ಲಿ ಒಂದೆರಡು ವಾರವೂ ಆಗಬಹುದು. ಗುಳ್ಳೆಯನ್ನು ಉಗುರಿನಲ್ಲಿ ಮೆಲ್ಲಗೆ ಒತ್ತಿ ನೋಡಿ. ಪಕ್ಕಕ್ಕೆ ಓಡಿದರೆ ನೀರು, ತಾನೇ ಹೋಗುತ್ತದೆ. ಪುಟಿದು ಅಲ್ಲೇ ನಿಂತರೆ ಗಾಳಿ, ಅದು ಹೋಗುವುದಿಲ್ಲ. ಅಂಥದ್ದಿದ್ದರೆ ಮಬ್ಬೆಲ್ಲ ಹೋದ ಮೇಲೆ ತೀರಾ ಸಣ್ಣ ಸೂಜಿಯಿಂದ ಪಕ್ಕದಲ್ಲಿ, ಫಿಲ್ಮಿಗೆ ಓರೆಯಾಗಿ ಚುಚ್ಚಿ, ಗಾಳಿಯನ್ನು ತೂತಿನ ಕಡೆಗೆ ಒತ್ತಿ. ನೇರ ಚುಚ್ಚಿದರೆ ಸೂಜಿ ಪೇಂಟಿಗೆ ತಾಗುತ್ತದೆ.

ಸುಕ್ಕು ನಿಂತಿದೆ ಅಂದರೆ ಅಲ್ಲಿ ಫಿಲ್ಮ್ ಹೆಚ್ಚಾಗಿದೆ. ಎರಡು ಸುಕ್ಕಿನ ನಡುವಿನ ಅಂಚನ್ನು ಎತ್ತಿ, ಆಲ್ಕೋಹಾಲ್ ನೀರು ಹೊಡೆದು, ಎರಡು ಪಕ್ಕಕ್ಕೂ ಎಳೆದು ಹಂಚಿ. ಜೊತೆಗೆ ಡ್ರೈಯರ್. ಆದರೂ ಕೂರದಿದ್ದರೆ ಆ ತುಂಡು ತೆಗೆದು, ಅಷ್ಟು ದೂರ ಹೋಗದ ಚಿಕ್ಕ ತುಂಡು ಹಾಕಿ. ಕೇಬಲ್ ತಾಗುವುದು ಬೆರಳಗಲದ ಜಾಗಕ್ಕೆ ಮಾತ್ರ ಅಲ್ವಾ?

ಒಂದೆರಡು ದಿನ ಸೈಕಲ್ ಹೊರಗೆ ತೆಗೆಯಬೇಡಿ. ಒಂದು ವಾರ ತೊಳೆಯಬೇಡಿ. ಆಮೇಲೂ ಜೋರಾಗಿ ನೀರು ಹೊಡೆಯುವ ಮೆಷಿನ್ನನ್ನು ಅಂಚಿಗೆ ನೇರ ಹಿಡಿಯಬಾರದು.

ಚೈನ್ ಎಣ್ಣೆ

ಗೀರು ತಾನೇ ಮಾಯವಾಗುತ್ತದೆ ಅಂತ ಜಾಹೀರಾತಿನಲ್ಲಿ ತೋರಿಸುತ್ತಾರಲ್ಲ, ಅದು ನಿಜವಾ?

ಮೂರನೇ ಗೇರ್

ಅರ್ಧ ನಿಜ. ಒಳ್ಳೆಯ ಟಿಪಿಯು ಫಿಲ್ಮಿನ ಮೇಲೆ ಮೆತ್ತನೆಯ ಲೇಪ ಇರುತ್ತದೆ. ಬಟ್ಟೆ ಉಜ್ಜಿ ಬಿದ್ದ ಕೂದಲೆಳೆಯಂಥ ಗೀರು ಬಿಸಿಲಿಗೋ, ಬಿಸಿನೀರಿಗೋ ಮುಚ್ಚಿಕೊಳ್ಳುತ್ತದೆ. ಕಲ್ಲು ಕಿತ್ತುಕೊಂಡು ಹೋದ ಜಾಗ, ಸೀಳಿದ ಜಾಗ ಮುಚ್ಚುವುದಿಲ್ಲ. ಅಲ್ಲಿ ಆ ತುಂಡನ್ನೇ ಬದಲಿಸಬೇಕು. ಅದಕ್ಕೇ ತುಂಡು ತುಂಡಾಗಿ ಹಾಕುವುದು ಒಳ್ಳೆಯದು ಅನ್ನುವುದು. ಆ ವಿಷಯದಲ್ಲಿ ನಾನು ಹಳೇ ಪೆಡಲ್ ಅವರ ಕಡೆ.

ಏರುದಾರಿ

ಚೈನ್ ಸ್ಟೇ ಬಗ್ಗೆ ನನ್ನದೊಂದು ಮಾತು. ಬಲಗಡೆಗೆ ಬರೀ ಫಿಲ್ಮ್ ಸಾಲುವುದಿಲ್ಲ. ಒರಟು ದಾರಿಯಲ್ಲಿ ಚೈನ್ ಕುಣಿದು ಬಡಿದರೆ ಫಿಲ್ಮ್ ಹರಿಯುತ್ತದೆ, ಸದ್ದೂ ಕಮ್ಮಿಯಾಗುವುದಿಲ್ಲ. ಅಲ್ಲಿಗೆ ದಪ್ಪ ರಬ್ಬರ್ ಟೇಪ್ ಬೇಕು. ಆದರೆ ರಬ್ಬರ್ ಟೇಪಿನ ಅಂಟು ಮಹಾ ಜಿಗುಟು. ಹಾಗಾಗಿ ಮೊದಲು ಫಿಲ್ಮ್, ಅದರ ಮೇಲೆ ರಬ್ಬರ್. ಮುಂದೆ ತೆಗೆಯುವಾಗ ಜಿಗುಟೆಲ್ಲ ಫಿಲ್ಮಿನ ಜೊತೆಗೇ ಬರುತ್ತದೆ, ಪೇಂಟಿಗೆ ಹತ್ತುವುದಿಲ್ಲ.

ಹಳೇ ಪೆಡಲ್

ಇದು ಒಳ್ಳೆಯ ಉಪಾಯ ಅಕ್ಕ. ಕಾಸಿನ ಖರ್ಚಿಲ್ಲದೆ ಟೈರಿನೊಳಗಿನ ಹಳೇ ರಬ್ಬರ್ ಟ್ಯೂಬನ್ನು ಸೀಳಿ ಸುತ್ತುವವರೂ ಇದ್ದಾರೆ. ಅದೂ ನಡೆಯುತ್ತದೆ, ಆದರೆ ಒಳಗೆ ಮರಳು ಸೇರುತ್ತದೆ, ಆಗಾಗ ಬಿಚ್ಚಿ ಒರೆಸಬೇಕು.

ಪಂಕ್ಚರ್ ಪುರಾಣ

ತೆಗೆಯುವ ಮಾತು ಬಂತಲ್ಲ, ಕೇಳಿಬಿಡುತ್ತೇನೆ. ಯಾರೋ ಓಡಿಸಿದ ಸೈಕಲ್ ತಗೊಂಡೆ. ಹಳದಿಯಾದ ಫಿಲ್ಮ್ ಇದೆ, ಅಂಚೆಲ್ಲ ಕಪ್ಪು. ಒಣದಾಗಿ ಎಳೆದರೆ ಚೂರು ಚೂರಾಗಿ ಬರುತ್ತದೆ.

ಮೂರನೇ ಗೇರ್

ಒಣದಾಗಿ ಎಳೆಯಬಾರದು. ಡ್ರೈಯರಿನಲ್ಲಿ ಚೆನ್ನಾಗಿ ಬೆಚ್ಚಗೆ ಮಾಡಿ, ಒಂದು ಮೂಲೆಯನ್ನು ಉಗುರಿನಲ್ಲಿ ಎಬ್ಬಿಸಿ. ಮೇಲಕ್ಕೆ ಎಳೆಯುವುದಲ್ಲ. ಫಿಲ್ಮನ್ನು ಹಿಂದಕ್ಕೆ ಮಡಚಿ, ಟ್ಯೂಬಿಗೆ ಒತ್ತಿಕೊಂಡ ಹಾಗೆಯೇ ನಿಧಾನಕ್ಕೆ ಎಳೆಯಿರಿ. ಬಿಸಿ ಮುಂದೆ ಮುಂದೆ ಹೋಗಬೇಕು, ಕೈ ಅದರ ಹಿಂದೆ. ಉಳಿದ ಅಂಟಿಗೆ ಐಸೊಪ್ರೊಪೈಲ್ ಅಥವಾ ಕಿತ್ತಳೆ ಎಣ್ಣೆಯ ಕ್ಲೀನರ್ ಹಾಕಿ ಸ್ವಲ್ಪ ನೆನೆಯಲು ಬಿಟ್ಟು ಒರೆಸಿ. ಅಸಿಟೋನ್, ಥಿನ್ನರ್ ಬೇಡ, ಪೇಂಟೇ ಕರಗುತ್ತದೆ.

ಸವಾರ ಅವರ ಮೊದಲ ಪ್ರಶ್ನೆಗೂ ಇದೇ ಉತ್ತರ. ಕಾರ್ಖಾನೆಯಲ್ಲಿ ಹೊಡೆದ ಪೇಂಟ್ ಗಟ್ಟಿಯಾಗಿದ್ದರೆ ಕಿತ್ತು ಬರುವುದಿಲ್ಲ. ಮತ್ತೆ ಪೇಂಟ್ ಹೊಡೆಸಿದ ಫ್ರೇಮು, ಕ್ಲಿಯರ್ ಕೋಟಿನ (ಬಣ್ಣದ ಮೇಲಿನ ಪಾರದರ್ಶಕ ಪದರದ) ಮೇಲೆ ಅಂಟಿಸಿದ ಸ್ಟಿಕ್ಕರು, ಈ ಎರಡರಲ್ಲಿ ಅಪಾಯ ಇದೆ. ಹೆಸರಿನ ಅಕ್ಷರದ ಅಂಚಿಗೆ ಉಗುರು ತಾಗಿಸಿ ನೋಡಿ. ಮೆಟ್ಟಿಲು ಸಿಕ್ಕಿದರೆ ಸ್ಟಿಕ್ಕರ್ ಮೇಲಿದೆ, ಅದನ್ನು ಬಿಟ್ಟು ಫಿಲ್ಮ್ ಹಾಕಿ. ಹೊಸದಾಗಿ ಪೇಂಟ್ ಹೊಡೆಸಿದ್ದರೆ ಕನಿಷ್ಠ ಒಂದು ತಿಂಗಳು ಕಾಯಿರಿ. ಪೇಂಟಿನೊಳಗಿನ ದ್ರಾವಕ ಪೂರ್ತಿ ಆರುವ ಮೊದಲು ಮುಚ್ಚಿದರೆ ಅದು ಫಿಲ್ಮಿನ ಕೆಳಗೆ ಗುಳ್ಳೆ ಎಬ್ಬಿಸುತ್ತದೆ.

ಬೆಳಗಿನ ಸವಾರ

ಮಬ್ಬು ಹೋಗಿದೆ! ಗುಳ್ಳೆಗಳೂ ಇಲ್ಲ. ಹೆಡ್ ಟ್ಯೂಬಿನ ತುಂಡು ತೆಗೆದು ಚಿಕ್ಕದು ಹಾಕಿದೆ, ಈಗ ಕೂತಿದೆ. ಒಂದಿಷ್ಟು ಫಿಲ್ಮ್ ಉಳಿದಿದೆ. ಸೀಟ್ ಪೋಸ್ಟಿಗೆ (ಸೀಟು ಹೊತ್ತ ಕಂಬಕ್ಕೆ), ಕ್ರ್ಯಾಂಕಿಗೆ (ಪೆಡಲ್ ಹಿಡಿದ ತೋಳಿಗೆ) ಹಾಕಿಬಿಡಲಾ?

ಹಳೇ ಪೆಡಲ್

ಸೀಟ್ ಪೋಸ್ಟ್ ಬೇಡ. ಕ್ಲ್ಯಾಂಪ್ ಹಿಡಿಯುವ ಯಾವ ಕಡೆಯೂ ಫಿಲ್ಮ್ ಇರಬಾರದು. ಜಾರುತ್ತದೆ, ಬಿಗಿಯ ಲೆಕ್ಕವೂ ತಪ್ಪುತ್ತದೆ. ಮುಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಟ್ಯೂಬಿಗೆ ಕಚ್ಚುವ ಸೈಕಲ್ಲಾದರೆ ಅಲ್ಲಿಯೂ ಬೇಡ. ಸಸ್ಪೆನ್ಷನ್ ಫೋರ್ಕಿನ ಜಾರುವ ಕಾಲಿಗಂತೂ ಕನಸಲ್ಲೂ ಬೇಡ.

ಕ್ರ್ಯಾಂಕಿಗೆ ಹಾಕಿ. ಶೂ ತಾಗಿ ಅಕ್ಷರ ಅಳಿಸುವ ಹೊರಮುಖಕ್ಕೆ ಮಾತ್ರ. ಪೆಡಲ್ ಕೂರುವ ಕಡೆ ಸುತ್ತಲೂ ಒಂದೆರಡು ಮಿ.ಮೀ. ಬಿಟ್ಟು ನಿಲ್ಲಿಸಿ, ಪೆಡಲಿನ ಕೆಳಗೆ ಫಿಲ್ಮ್ ಸಿಕ್ಕಿಕೊಳ್ಳಬಾರದು. ಆಮೇಲೂ ಉಳಿದರೆ ಸುತ್ತಿಡಿ, ಮಡಚಬೇಡಿ. ಡೌನ್ ಟ್ಯೂಬಿನ ಕೆಳಗಿನ ಅರ್ಧವೇ ಮೊದಲು ಹಾಳಾಗುವುದು, ಬದಲಿಸಲು ಬೇಕಾಗುತ್ತದೆ. ಆ ಕಾಗದದ ಅಚ್ಚನ್ನೂ ಎಸೆಯಬೇಡಿ.